ಟರ್ಬೋಚಾರ್ಜರ್ ಅಥವಾ ಸೂಪರ್‌ಚಾರ್ಜರ್: ನಿಮ್ಮ ಕಾರಿಗೆ ಯಾವುದು ಸೂಕ್ತ? ಆಯ್ಕೆಗೂ ಮುನ್ನ ಇದನ್ನು ತಿಳಿದುಕೊಳ್ಳಿ

ಹೊಸ ಕಾರು ನೋಡಲು ಶೋರೂಮ್‌ಗೆ ಹೋದರೆ ಇಂದು ತಪ್ಪದೆ ಕಿವಿಗೆ ಬೀಳುವ ಪದ 'ಟರ್ಬೋ'. ಒಂದೇ ಮಾಡೆಲ್‌ನಲ್ಲಿ ಸಾಮಾನ್ಯ ಪೆಟ್ರೋಲ್ ಎಂಜಿನ್‌ಗೆ ಒಂದು ಬೆಲೆ, ಟರ್ಬೋ ಪೆಟ್ರೋಲ್‌ಗೆ ಅದಕ್ಕಿಂತ ಹೆಚ್ಚಿನ ಬೆಲೆ. ಇನ್ನೊಂದೆಡೆ, ವಿಡಿಯೊಗಳನ್ನು ನೋಡಿ ಈಗಿರುವ ಕಾರಿಗೇ ಟರ್ಬೋ ಅಥವಾ ಸೂಪರ್‌ಚಾರ್ಜರ್ ಹಾಕಿಸಲು ಹೊರಡುವವರೂ ಇದ್ದಾರೆ. ಇವೆರಡೂ ಮಾಡುವ ಕೆಲಸ ಒಂದೇ, ಆದರೆ ಮಾಡುವ ರೀತಿ ಬೇರೆ. ಈ ವ್ಯತ್ಯಾಸ ಗೊತ್ತಿದ್ದರೆ ಹಣವೂ ಉಳಿಯುತ್ತದೆ, ಎಂಜಿನ್ ಕೂಡ ಉಳಿಯುತ್ತದೆ.

ಎರಡರ ಕೆಲಸವೂ ಗಾಳಿ ತುಂಬುವುದೇ

ಒಂದು ಕೆ.ಜಿ. ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಅಂದರೆ ಎಂಜಿನ್‌ನಿಂದ ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ಇಂಧನ ಸುರಿದರಷ್ಟೇ ಸಾಲದು, ಅದಕ್ಕೆ ತಕ್ಕಷ್ಟು ಗಾಳಿಯೂ ಒಳಗೆ ಹೋಗಬೇಕು. ಸಾಮಾನ್ಯ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗಿಳಿಯುವಾಗ ತಾನಾಗಿಯೇ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟೇ. ಟರ್ಬೋಚಾರ್ಜರ್ ಮತ್ತು ಸೂಪರ್‌ಚಾರ್ಜರ್ ಹೊರಗಿನ ಗಾಳಿಯನ್ನು ಒತ್ತಿ, ಸಾಂದ್ರಗೊಳಿಸಿ ಸಿಲಿಂಡರ್ ಒಳಗೆ ತಳ್ಳುತ್ತವೆ. ಹೀಗಾಗಿ ಚಿಕ್ಕ ಎಂಜಿನ್ ಕೂಡ ದೊಡ್ಡ ಎಂಜಿನ್‌ನಷ್ಟು ಶಕ್ತಿ ಕೊಡಬಲ್ಲದು. ಗಾಳಿ ಒತ್ತುವ ಈ ಪಂಪ್ ತಿರುಗಲು ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ ಎನ್ನುವುದರಲ್ಲೇ ಇವೆರಡರ ವ್ಯತ್ಯಾಸವಿದೆ.

ಸೂಪರ್‌ಚಾರ್ಜರ್ ಹೇಗೆ ಕೆಲಸ ಮಾಡುತ್ತದೆ?

ಸೂಪರ್‌ಚಾರ್ಜರ್ ಸಾಮಾನ್ಯವಾಗಿ ಬೆಲ್ಟ್ ಮೂಲಕ ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್‌ನಿಂದಲೇ ತಿರುಗುತ್ತದೆ. ಎಂಜಿನ್ ತಿರುಗಿದ ಕ್ಷಣದಿಂದ ಅದೂ ತಿರುಗುವುದರಿಂದ ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರು ಸ್ಪಂದಿಸುತ್ತದೆ. ರೂಟ್ಸ್, ಟ್ವಿನ್ ಸ್ಕ್ರೂ ಮತ್ತು ಸೆಂಟ್ರಿಫ್ಯೂಗಲ್ ಎಂಬ ಮೂರು ಮುಖ್ಯ ಬಗೆಗಳು ಇದರಲ್ಲಿವೆ. 1921ರಲ್ಲೇ ಮರ್ಸಿಡಿಸ್ ತನ್ನ ಕಾರುಗಳಲ್ಲಿ ಸೂಪರ್‌ಚಾರ್ಜರ್ ಅಳವಡಿಸಿ ಪ್ರದರ್ಶಿಸಿತ್ತು.

ಆದರೆ ಈ ವೇಗದ ಸ್ಪಂದನೆ ಪುಕ್ಕಟೆಯಾಗಿ ಸಿಗುವುದಿಲ್ಲ. ಪಂಪ್ ತಿರುಗಿಸಲು ಎಂಜಿನ್ ತನ್ನದೇ ಶಕ್ತಿಯ ಒಂದು ಪಾಲನ್ನು ಕೊಡಬೇಕು. ಅಮೆರಿಕದ ಡಾಡ್ಜ್ ಹೆಲ್‌ಕ್ಯಾಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ 6.2 ಲೀಟರ್ ವಿ8 ಎಂಜಿನ್ 707 ಅಶ್ವಶಕ್ತಿ ಉತ್ಪಾದಿಸುತ್ತದೆ. ಆದರೆ ಪೂರ್ಣ ವೇಗದಲ್ಲಿ ಸೂಪರ್‌ಚಾರ್ಜರ್ ಒಂದನ್ನೇ ತಿರುಗಿಸಲು ಸುಮಾರು 80 ಅಶ್ವಶಕ್ತಿ ಬೇಕಾಗುತ್ತದೆ. ನಮ್ಮ ಒಂದು ಸಣ್ಣ ಹ್ಯಾಚ್‌ಬ್ಯಾಕ್‌ನ ಇಡೀ ಎಂಜಿನ್ ಕೊಡುವ ಶಕ್ತಿ ಹೆಚ್ಚುಕಡಿಮೆ ಇಷ್ಟೇ!

ಟರ್ಬೋಚಾರ್ಜರ್ ಹೇಗೆ ಕೆಲಸ ಮಾಡುತ್ತದೆ?

ಇಂಧನ ಉರಿದಾಗ ಬರುವ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಬಿಸಿ ಹೊಗೆಯ ರೂಪದಲ್ಲಿ ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಹೀಗೆ ವ್ಯರ್ಥವಾಗುವ ಶಕ್ತಿಯನ್ನೇ ಟರ್ಬೋ ಬಳಸಿಕೊಳ್ಳುತ್ತದೆ. ಹೊಗೆಯ ರಭಸಕ್ಕೆ ಟರ್ಬೈನ್ ಚಕ್ರ ತಿರುಗುತ್ತದೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರ ಗಾಳಿಯನ್ನು ಒತ್ತುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಇಂಟರ್‌ಕೂಲರ್ ಅದನ್ನು ತಣಿಸಿ ಎಂಜಿನ್‌ಗೆ ಕಳಿಸುತ್ತದೆ. ಸ್ವಿಟ್ಜರ್ಲೆಂಡ್‌ನ ಎಂಜಿನಿಯರ್ ಆಲ್ಫ್ರೆಡ್ ಬೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಮೆರಿಕದಲ್ಲಿ 1962ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಶೆವರ್ಲೆ ಕೊರ್ವೇರ್ ಮೊಂಜಾ ಸ್ಪೈಡರ್ ಟರ್ಬೋ ಹೊತ್ತ ಮೊದಲ ಪ್ರಯಾಣಿಕ ಕಾರುಗಳು.

ಟರ್ಬೋದ ದೌರ್ಬಲ್ಯ 'ಲ್ಯಾಗ್'. ಹೊಗೆಯ ರಭಸ ಏರುವವರೆಗೆ ಚಕ್ರಕ್ಕೆ ವೇಗ ಸಿಗುವುದಿಲ್ಲ. ಹಾಗಾಗಿ ಆಕ್ಸಿಲರೇಟರ್ ಒತ್ತಿದ ನಂತರ ಕಾರು ಮುನ್ನುಗ್ಗಲು ಕ್ಷಣ ಹೊತ್ತು ಹಿಡಿಯುತ್ತದೆ. ಇಂದಿನ ಚಿಕ್ಕ, ಹಗುರ ಟರ್ಬೋಗಳಲ್ಲಿ ಈ ತೊಂದರೆ ಬಹಳಷ್ಟು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬಂಪರ್‌ಗೆ ಬಂಪರ್ ತಾಗುವಂಥ ಟ್ರಾಫಿಕ್‌ನಲ್ಲಿ ಇದು ಈಗಲೂ ಗೊತ್ತಾಗುತ್ತದೆ.

ಭಾರತದಲ್ಲಿ ಗೆದ್ದಿದ್ದು ಟರ್ಬೋ, ಯಾಕೆ?

ಇದಕ್ಕೆ ಎರಡು ಮುಖ್ಯ ಕಾರಣಗಳಿವೆ. ಮೊದಲನೆಯದು ಮೈಲೇಜ್. ಎಂಜಿನ್‌ನ ಶಕ್ತಿಯನ್ನೇ ತಿನ್ನುವ ಸೂಪರ್‌ಚಾರ್ಜರ್ ಇಲ್ಲಿನ ಗ್ರಾಹಕರಿಗೆ ಒಗ್ಗುವುದು ಕಷ್ಟ. ಎರಡನೆಯದು ತೆರಿಗೆ. 4 ಮೀಟರ್ ಒಳಗಿನ ಉದ್ದ ಮತ್ತು ಪೆಟ್ರೋಲ್‌ನಲ್ಲಿ 1,200 ಸಿಸಿ, ಡೀಸೆಲ್‌ನಲ್ಲಿ 1,500 ಸಿಸಿ ಮಿತಿಯೊಳಗಿನ ಎಂಜಿನ್ ಇದ್ದರೆ ಕಡಿಮೆ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರುಗಳಿಗೆ ಶೇ 18ರಷ್ಟು ಜಿಎಸ್‌ಟಿ ಇದ್ದರೆ, ಮಿತಿ ಮೀರಿದವಕ್ಕೆ ಶೇ 40. ಸಿಸಿ ಹೆಚ್ಚಿಸದೆ ಶಕ್ತಿ ಹೆಚ್ಚಿಸಲು ಕಂಪನಿಗಳಿಗೆ ಟರ್ಬೋ ಸುಲಭದ ದಾರಿಯಾಯಿತು.

ಹ್ಯುಂಡೈ ವೆನ್ಯೂ ಕಾರಿನ ಎರಡು ಪೆಟ್ರೋಲ್ ಎಂಜಿನ್‌ಗಳನ್ನು ಹೋಲಿಸಿ ನೋಡಿ.

• 1.2 ಲೀಟರ್ ಸಾಮಾನ್ಯ ಎಂಜಿನ್: 1,197 ಸಿಸಿ, 83 ಪಿಎಸ್ ಪವರ್, ಸುಮಾರು 114 ಎನ್ಎಂ ಟಾರ್ಕ್
• 1.0 ಲೀಟರ್ ಟರ್ಬೋ ಎಂಜಿನ್: 998 ಸಿಸಿ, 120 ಪಿಎಸ್ ಪವರ್, 172 ಎನ್ಎಂ ಟಾರ್ಕ್

ಟರ್ಬೋ ಎಂಜಿನ್ ಚಿಕ್ಕದು, ಆದರೂ ಅದರ ಟಾರ್ಕ್ ಒಂದೂವರೆ ಪಟ್ಟು. ಅದೂ 1,500 ಆರ್‌ಪಿಎಂನಿಂದಲೇ ಪೂರ್ತಿ ಸಿಗುತ್ತದೆ. ಇನ್ನು ಡೀಸೆಲ್ ಕಾರು ಓಡಿಸುತ್ತಿರುವವರು ಯೋಚಿಸಬೇಕಾಗಿಯೇ ಇಲ್ಲ, ಇಂದಿನ ಡೀಸೆಲ್ ಕಾರುಗಳಲ್ಲಿ ಟರ್ಬೋ ಇದ್ದೇ ಇರುತ್ತದೆ.

ಹಾಗೆಂದು ಸೂಪರ್‌ಚಾರ್ಜರ್ ಇಲ್ಲಿಗೆ ಪೂರ್ತಿ ಅಪರಿಚಿತವೇನಲ್ಲ. ಚೆನ್ನೈ ಬಳಿಯ ಒರಗಡಂ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ನಿಸಾನ್ ಮೈಕ್ರಾ ಕಾರಿಗೆ 2011ರಲ್ಲಿ ಯುರೋಪಿನಲ್ಲಿ 1.2 ಲೀಟರ್ ಸೂಪರ್‌ಚಾರ್ಜ್ಡ್ ಎಂಜಿನ್ ಸಿಕ್ಕಿತ್ತು. ಭಾರತದ ಗ್ರಾಹಕರಿಗೆ ಅದು ಸಿಗಲಿಲ್ಲ. ಕವಾಸಾಕಿ ನಿಂಜಾ ಎಚ್2 ಬೈಕ್ ಮತ್ತು ರೇಂಜ್ ರೋವರ್‌ನ 5.0 ಲೀಟರ್ ವಿ8 ಇಲ್ಲಿ ಮಾರಾಟವಾದ ಸೂಪರ್‌ಚಾರ್ಜ್ಡ್ ವಾಹನಗಳು. ವೋಲ್ವೊ ಎಕ್ಸ್‌ಸಿ90 ಟಿ8 ಕಾರಿನಲ್ಲಂತೂ ಎರಡೂ ಇದ್ದವು. ಕಡಿಮೆ ವೇಗದಲ್ಲಿ ಸೂಪರ್‌ಚಾರ್ಜರ್, ವೇಗ ಏರಿದ ಮೇಲೆ ಟರ್ಬೋ!

ಘಾಟಿ ರಸ್ತೆ, ಎತ್ತರದ ಊರುಗಳಲ್ಲಿ ಹೇಗೆ?

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಮುಂಬೈ, ಪುಣೆಯವರು ವಾರಾಂತ್ಯಕ್ಕೆ ಹೋಗುವ ಮಹಾಬಲೇಶ್ವರದಲ್ಲಿ (ಸುಮಾರು 1,350 ಮೀಟರ್) ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇ 15ರಷ್ಟು ಕಡಿಮೆ. ದೆಹಲಿಯಿಂದ ಲೇಹ್‌ಗೆ (ಸುಮಾರು 3,500 ಮೀಟರ್) ಹೋದರೆ ಮೂರನೇ ಒಂದು ಭಾಗದಷ್ಟು ಕಡಿಮೆ. ಸಾಮಾನ್ಯ ಎಂಜಿನ್ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೋ ಇನ್ನಷ್ಟು ವೇಗವಾಗಿ ತಿರುಗಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಸೂಪರ್‌ಚಾರ್ಜರ್‌ನ ವೇಗ ಎಂಜಿನ್ ವೇಗಕ್ಕೆ ಕಟ್ಟುಬಿದ್ದಿರುವುದರಿಂದ ಅದಕ್ಕೆ ಇದು ಸಾಧ್ಯವಾಗುವುದಿಲ್ಲ.

ಈಗಿರುವ ಕಾರಿಗೆ ಹಾಕಿಸಬಹುದೇ?

ತಾಂತ್ರಿಕವಾಗಿ ಸಾಧ್ಯ. ಆದರೆ ಸಾಮಾನ್ಯ ಎಂಜಿನ್‌ನ ಪಿಸ್ಟನ್, ಕನೆಕ್ಟಿಂಗ್ ರಾಡ್, ಗ್ಯಾಸ್ಕೆಟ್, ಕೂಲಿಂಗ್ ಯಾವುದೂ ಹೆಚ್ಚುವರಿ ಒತ್ತಡಕ್ಕೆಂದು ತಯಾರಾದವಲ್ಲ. ಕಂಪ್ರೆಷನ್ ರೇಷಿಯೊ ಹೆಚ್ಚಿರುವ ಎಂಜಿನ್‌ಗೆ ಒತ್ತಿದ ಗಾಳಿ ತುಂಬಿದರೆ ಇಂಧನ ಹೊತ್ತಿಗೆ ಮೊದಲೇ ಉರಿದು 'ನಾಕಿಂಗ್' ಶುರುವಾಗುತ್ತದೆ, ಪಿಸ್ಟನ್ನೇ ಹಾಳಾಗಬಹುದು. ಟರ್ಬೋ ಕಿಟ್‌ನ ಬೆಲೆ ಮಾತ್ರ ಲೆಕ್ಕ ಹಾಕಿದರೆ ಸಾಲದು. ಇಂಜೆಕ್ಟರ್, ಇಸಿಯು ಟ್ಯೂನಿಂಗ್, ಕ್ಲಚ್, ಬ್ರೇಕ್‌ಗಳ ಖರ್ಚೂ ಸೇರುತ್ತದೆ.

ಕಾನೂನಿನ ತೊಡಕು ಇನ್ನೂ ದೊಡ್ಡದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿನ ವಿವರಗಳು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅನುಮತಿ ಇಲ್ಲದ ಬದಲಾವಣೆಗೆ ಸೆಕ್ಷನ್ 182ಎ ಅಡಿ ಮಾಲೀಕರಿಗೆ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತವಾದಾಗ ಕ್ಲೈಮ್ ತಿರಸ್ಕೃತವಾಗುವ ಸಾಧ್ಯತೆಯೂ ಇದೆ.

ಕೆಲಸದ ಮೇಲೆ ಊರೂರು ಬದಲಿಸುವ ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಕೆಎ ನೋಂದಣಿಯ ಕಾರನ್ನು ಮುಂಬೈ ಅಥವಾ ಹೈದರಾಬಾದ್‌ನಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ಆಗ ಆರ್‌ಟಿಒ ಪರಿಶೀಲನೆಯಲ್ಲಿ ಬದಲಾವಣೆ ಪತ್ತೆಯಾದರೆ ಕಾರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಟರ್ಬೋ ಕಾರು ಕೊಂಡರೆ ಈ ಎಚ್ಚರ ಇರಲಿ

• ಟರ್ಬೋ ಚಕ್ರ ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದರ ಬೇರಿಂಗ್ ಉಳಿಸುವುದು ಎಂಜಿನ್ ಆಯಿಲ್. ಕಂಪನಿ ಹೇಳಿದ ದರ್ಜೆಯ ಆಯಿಲ್ ಅನ್ನೇ ಹಾಕಿಸಿ, ಅವಧಿ ಮೀರಿಸಬೇಡಿ.
• ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಜೋರಾಗಿ ರೇಸ್ ಮಾಡಬೇಡಿ. ಆಯಿಲ್ ಎಲ್ಲೆಡೆ ಹರಿಯಲಿ.
• ಹೆದ್ದಾರಿಯಲ್ಲಿ ವೇಗವಾಗಿ ಓಡಿಸಿ ಬಂದ ಮೇಲೆ ಅರ್ಧ ನಿಮಿಷದಿಂದ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ.

ಯಾರಿಗೆ ಯಾವುದು?

ನಗರದೊಳಗೆ ಕಡಿಮೆ ದೂರ ಓಡಿಸುವವರಿಗೆ ಸಾಮಾನ್ಯ ಪೆಟ್ರೋಲ್ ಎಂಜಿನ್ ಸಾಕು, ನಿರ್ವಹಣೆಯೂ ಸುಲಭ. ಹೆದ್ದಾರಿ, ಘಾಟಿ, ತುಂಬಿದ ಕಾರಿನಲ್ಲಿ ಊರಿಗೆ ದೂರದ ಪ್ರಯಾಣ ಹೆಚ್ಚಿದ್ದರೆ ಕಂಪನಿಯೇ ಅಳವಡಿಸಿದ ಟರ್ಬೋ ಒಳ್ಳೆಯ ಆಯ್ಕೆ. ಸೂಪರ್‌ಚಾರ್ಜರ್ ಏನಿದ್ದರೂ ಮೈಲೇಜ್ ಲೆಕ್ಕವಿಲ್ಲದ ದೊಡ್ಡ ಎಂಜಿನ್‌ಗಳಿಗೆ, ಸ್ಪೋರ್ಟ್ಸ್ ಕಾರುಗಳಿಗೆ. ಇನ್ನು ಈಗಿರುವ ಕಾರಿಗೆ ಎರಡರಲ್ಲಿ ಯಾವುದು ಹಾಕಿಸಲಿ ಎಂದು ಕೇಳಿದರೆ ಉತ್ತರ ಒಂದೇ, ಎರಡೂ ಬೇಡ. ಆ ಹಣವನ್ನು ಮುಂದಿನ ಕಾರಿನ ಟರ್ಬೋ ಮಾಡೆಲ್‌ಗೆ ಎತ್ತಿಡುವುದೇ ಜಾಣತನ.