ಬದಲಾದದ್ದು ಮದ್ದು, ಕೈಕೊಟ್ಟದ್ದು ಬಂದೂಕು

1967ರ ಏಪ್ರಿಲ್-ಮೇ ತಿಂಗಳಲ್ಲಿ ವಿಯೆಟ್ನಾಮಿನ ಖೆ ಸಾನ್ ಸುತ್ತಲಿನ ಗುಡ್ಡಗಳಲ್ಲಿ ಕಾದಿದ ಅಮೆರಿಕದ ಮರೀನ್ ಸೈನಿಕರ ಕೈಯಲ್ಲಿದ್ದದ್ದು ಹೊಸ ಎಂ-16 ರೈಫಲ್. ಕಾಳಗದ ನಡುವೆಯೇ ಹಲವರ ರೈಫಲ್ ನಿಂತುಹೋಯಿತು. ಗುಂಡು ಹಾರಿದ ಮೇಲೆ ಖಾಲಿ ತೋಟಾ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ನಳಿಗೆಯ ಬಾಯಿಂದ ಸರಳು ತೂರಿಸಿ ಅದನ್ನು ಹೊರದೂಡಬೇಕಿತ್ತು. ಎದುರಾಳಿ ಅಷ್ಟು ಹೊತ್ತು ಕಾಯುವುದಿಲ್ಲ.

ಯೂಜೀನ್ ಸ್ಟೋನರ್ 1950ರ ದಶಕದಲ್ಲಿ ಆರ್ಮಲೈಟ್ ಕಂಪನಿಯಲ್ಲಿದ್ದಾಗ ರೂಪಿಸಿದ ಈ ರೈಫಲ್ಲಿನ ಕೆಲಸವೆಲ್ಲ ಹೊತ್ತಿನ ಲೆಕ್ಕಾಚಾರ. ಗುಂಡನ್ನು ತಳ್ಳುವ ಅನಿಲದ ಒಂದು ಪಾಲು ನಳಿಗೆಯ ಸಣ್ಣ ರಂಧ್ರದಿಂದ ಹೊರಟು, ಕೊಳವೆಯ ಮೂಲಕ ಬೋಲ್ಟ್ ಕ್ಯಾರಿಯರ್ ಸೇರುತ್ತದೆ. ಕ್ಯಾರಿಯರ್ ಹಿಂದೆ ಸರಿಯುತ್ತಾ ಬೋಲ್ಟನ್ನು ತಿರುಗಿಸಿ ಬೀಗ ಬಿಚ್ಚುತ್ತದೆ. ಬೋಲ್ಟಿನ ಕೊಕ್ಕೆ ಖಾಲಿ ತೋಟಾವನ್ನು ಎಳೆದು ತರುತ್ತದೆ. ಆದರೆ ನಳಿಗೆಯ ಒತ್ತಡ ಇಳಿಯುವ ತನಕ ಬೀಗ ಬಿಚ್ಚಬಾರದು. ಉಬ್ಬಿದ ತೋಟಾ ಗೋಡೆಗೆ ಅಂಟಿರುವಾಗಲೇ ಎಳೆದರೆ ಕೊಕ್ಕೆ ಅದರ ಅಂಚನ್ನಷ್ಟೇ ಕಿತ್ತುಕೊಂಡು ಬರುತ್ತದೆ.

ಸ್ಟೋನರ್ ವಿನ್ಯಾಸ ಕಡ್ಡಿಯಾಕಾರದ ಹರಳಿನ ಮದ್ದಿಗೆ ಹೊಂದಿಕೊಂಡಿತ್ತು. 1964ರಲ್ಲಿ ಸೇನೆ ಗೋಲಾಕಾರದ ಬೇರೆ ಮದ್ದಿಗೆ ಒಪ್ಪಿಗೆ ಕೊಟ್ಟಿತು. ಈ ಮದ್ದಿನಲ್ಲಿ ಅನಿಲದ ರಂಧ್ರದ ಬಳಿ ಒತ್ತಡ ಹೆಚ್ಚು. ಕ್ಯಾರಿಯರ್ ಬೇಗ, ಜೋರಾಗಿ ಹಿಂದೆ ನುಗ್ಗಿತು. ನಿಮಿಷಕ್ಕೆ 850 ಗುಂಡುಗಳ ಮಿತಿಯನ್ನು ರೈಫಲ್ ಮೀರತೊಡಗಿತು. ತಯಾರಕರಾದ ಕೋಲ್ಟ್ ಕಂಪನಿ ದೂರಿದಾಗ ಸಿಕ್ಕ ಪರಿಹಾರ ವಿಚಿತ್ರ: ಕಾರ್ಖಾನೆಯ ಪರೀಕ್ಷೆಗೆ ಹಳೆಯ ಮದ್ದನ್ನೇ ಬಳಸಲು ಅನುಮತಿ. ಪರೀಕ್ಷೆಯಲ್ಲಿ ಪಾಸಾದ ರೈಫಲ್ ಹೊಸ ಮದ್ದಿನೊಂದಿಗೆ ಕಾಡಿಗೆ ಹೋಯಿತು. ತೋಟಾ ಕೂರುವ ಜಾಗಕ್ಕೆ ಕ್ರೋಮ್ ಲೇಪನವಿರಲಿಲ್ಲ, ಆ ತೇವದಲ್ಲಿ ತುಕ್ಕು ಹಿಡಿಯಿತು. ಶುಚಿಗೊಳಿಸುವ ಸಾಮಗ್ರಿಯೂ ಎಲ್ಲರಿಗೆ ಸಿಗಲಿಲ್ಲ.

ಸೈನಿಕರ ಪತ್ರಗಳು ಮನೆಗಳಿಗೂ ಸಂಸದರಿಗೂ ತಲುಪಿದವು. ರಿಚರ್ಡ್ ಐಕಾರ್ಡ್ ನೇತೃತ್ವದ ಸಂಸದೀಯ ಉಪಸಮಿತಿ 1967ರ ಅಕ್ಟೋಬರಿನಲ್ಲಿ ವರದಿ ಕೊಟ್ಟು, ಮದ್ದಿನ ಬದಲಾವಣೆಯನ್ನು ಮುಖ್ಯ ಕಾರಣವೆಂದಿತು. ಅಧಿಕಾರಿಗಳ ನಿರ್ಲಕ್ಷ್ಯ ಅಪರಾಧದ ಅಂಚಿಗೆ ಹೋಗಿದೆ ಎಂದೂ ಹೇಳಿತು. ಕ್ಯಾರಿಯರ್‌ನ ವೇಗ ತಗ್ಗಿಸಲು ಭಾರವಾದ ಬಫರ್ ಬಂತು, ಕ್ರೋಮ್ ಲೇಪನ ಬಂತು. ರೈಫಲ್ಲನ್ನು ನೋಡಿಕೊಳ್ಳುವ ಬಗೆಯನ್ನು ವಿಲ್ ಐಸ್ನರ್ ಚಿತ್ರಕಥೆಯಾಗಿ ಬರೆದುಕೊಟ್ಟರು.

ಇಲ್ಲಿ ಬೋಲ್ಟನ್ನಾಗಲಿ ಕ್ಯಾರಿಯರನ್ನಾಗಲಿ ಯಾರೂ ಅರೆದಿರಲಿಲ್ಲ, ಕೊರೆದಿರಲಿಲ್ಲ. ದೂರದ ಮದ್ದಿನ ಕಾರ್ಖಾನೆಯ ಒಂದು ಬದಲಾವಣೆಗೇ ಅವುಗಳ ಲೆಕ್ಕ ತಪ್ಪಿತು. ಇಂಥ ಬಂದೂಕಿನ ಕ್ಯಾರಿಯರನ್ನು ಹಗುರಗೊಳಿಸುವ, ಬೋಲ್ಟನ್ನು ಉಜ್ಜಿ ಹೊಂದಿಸುವ ಕೈಗಳು ಮುಟ್ಟುವುದೂ ಅದೇ ಲೆಕ್ಕವನ್ನು. ಬೀಗ ಕ್ಷಣ ಮೊದಲು ಬಿಚ್ಚಿದರೆ ಅದರ ಬೆಲೆ ತೆರುವವನು ಬಂದೂಕು ಹಿಡಿದವನೇ.