ಮುಚ್ಚಿದ ಕಿವಿ, ತೆರೆದ ಕಿವಿ

ಸಂಗೀತ ಮುದ್ರಣಕ್ಕೂ ನಿತ್ಯದ ಕೇಳ್ಮೆಗೂ ಒಂದೇ ಹೆಡ್‌ಫೋನ್ ಸಾಲದೇ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳುವುದುಂಟು. ಈ ಪ್ರಶ್ನೆಗೆ ಬೆಲೆಪಟ್ಟಿಗಿಂತ ಇತಿಹಾಸವೇ ಚೆನ್ನಾಗಿ ಉತ್ತರಿಸುತ್ತದೆ.

1910ರ ಸುಮಾರಿಗೆ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್ವಿನ್ ತಮ್ಮ ಅಡುಗೆಮನೆಯಲ್ಲಿ ತಯಾರಿಸಿದ ಹೆಡ್‌ಫೋನುಗಳನ್ನು ನೌಕಾಪಡೆ ಕೊಂಡಿತು. ಆಗ ಬೇಕಿದ್ದುದು ಸಂಗೀತವಲ್ಲ. ಕ್ಷೀಣವಾದ ರೇಡಿಯೊ ಸಂಕೇತ ಕೇಳಿಸಿದರೆ ಸಾಕಿತ್ತು. 1958ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೊ ಹೆಡ್‌ಫೋನನ್ನು ಜನರ ಮುಂದಿಟ್ಟರು; ಅದು ರಸಿಕರ ಸೊತ್ತಾಯಿತು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯ ಎಚ್‌ಡಿ 414 ಬಂದಿತು. ಅದರ ಹಿಂಬದಿ ತೆರೆದಿದ್ದುದರಿಂದ ನಾದವು ಒಳಗೇ ಸುತ್ತದೆ ಸಹಜವಾಗಿ ಹರಡಿತು. 1979ರಲ್ಲಿ ಸೋನಿಯ ವಾಕ್‌ಮನ್ ಹೆಡ್‌ಫೋನನ್ನು ಬೀದಿಗೆ ತಂದಿತು.

ಉದ್ದೇಶ ಬದಲಾದಂತೆ ರೂಪವೂ ಬದಲಾಯಿತೆಂಬುದೇ ಇದರ ಸಾರ. ಮೈಕಿನ ಮುಂದೆ ಹಾಡುವವರಿಗೆ ಮುಚ್ಚಿದ ಮಾದರಿಯೇ ಲೇಸು. ತೆರೆದುದಾದರೆ ಶ್ರುತಿ-ತಾಳಗಳ ಸದ್ದು ಸೋರಿ ಮುದ್ರಣದಲ್ಲಿ ಸೇರಿಬಿಡುತ್ತದೆ. ಮುದ್ರಿಸಿದ್ದನ್ನು ಹದವಾಗಿ ಬೆರೆಸುವಾಗ, ಮಂದ್ರವನ್ನು ಉಬ್ಬಿಸದ ತೆರೆದ ಮಾದರಿ ಒಳ್ಳೆಯದು. ಆದರೆ ಅದೇ ಬಸ್ಸಿನಲ್ಲಿ ಕೆಲಸಕ್ಕೆ ಬಾರದು. ಹೊರಗಿನ ಗದ್ದಲ ಒಳನುಗ್ಗುತ್ತದೆ; ನಾವು ಸದ್ದನ್ನು ಏರಿಸುತ್ತಲೇ ಹೋಗುತ್ತೇವೆ. ಅಲ್ಲಿ ಮುಚ್ಚಿದ ಮಾದರಿಯೇ ಇರಲಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೇರಿದರೆ ಕೇವಲ 4 ಗಂಟೆ. ಒಳಗಿವಿಯ ಸೂಕ್ಷ್ಮ ಕೂದಲಕೋಶಗಳು ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಯಾವುದನ್ನೇ ಕೊಳ್ಳಿರಿ, ಸದ್ದು ತಗ್ಗಿಸಿ ಕೇಳಿರಿ.