ರಾಗಿ ಮೂಟೆ ಮತ್ತು ನಲವತ್ತಾರು ಡಾಲರು

ಮಗಳು ರಾಜ್ಯಶಾಸ್ತ್ರ ಓದುತ್ತೇನೆ ಎಂದಾಗ ನನಗೆ ಮೊದಲು ನೆನಪಾದದ್ದು ತಿಪಟೂರು. ನಾನು ಅಲ್ಲಿ ಬಿ.ಕಾಂ. ಓದುವಾಗ ಪಕ್ಕದ ಕೊಠಡಿಯಲ್ಲಿ ಬಿ.ಎ. ತರಗತಿ ನಡೆಯುತ್ತಿತ್ತು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಎಲ್ಲರ ಬಾಯಲ್ಲೂ ‘ಎಚ್‌ಇಪಿ’. ಬೇರೆಲ್ಲೂ ಸೀಟು ಸಿಗದವರು ಸೇರುವ ಕಡೆ ಎಂದು ನಾವು ಬಿ.ಕಾಂ.ನವರು ಅವರನ್ನು ಸ್ವಲ್ಪ ಗತ್ತಿನಿಂದಲೇ ನೋಡುತ್ತಿದ್ದೆವು. ಸಿ.ಎ. ಮುಗಿಸಿ, ಬೆಂಗಳೂರು ಬಿಟ್ಟು, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದ ಫ್ರೀಮಾಂಟಿಗೆ ಬಂದು ಹದಿನೇಳು ವರ್ಷವಾಯಿತು. ಆ ಗತ್ತೂ ನನ್ನ ಜೊತೆಯಲ್ಲೇ ವಿಮಾನ ಹತ್ತಿ ಬಂದಿದೆ ಎಂದು ಅವತ್ತು ಗೊತ್ತಾಯಿತು.

ಪೂರ್ವ ಕರಾವಳಿಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಪ್ರವೇಶ ಸಿಕ್ಕಿತ್ತು. ಊಟ, ವಸತಿ ಎಲ್ಲ ಸೇರಿ ವರ್ಷಕ್ಕೆ 90 ಸಾವಿರ ಡಾಲರಿನ ಆಸುಪಾಸು. ನಾಲ್ಕು ವರ್ಷಕ್ಕೆ ಮೂರೂವರೆ ಲಕ್ಷ. ನಮ್ಮ ಆದಾಯಕ್ಕೆ ನೆರವು ಸಿಗುವುದಿಲ್ಲ, ಕೈಯಲ್ಲಿ ಅಷ್ಟು ಗಂಟೂ ಇಲ್ಲ. ಮನೆಯ ಮೇಲೆ ಇನ್ನೊಂದು ಸಾಲ ತೆಗೆಯಲು ನಾನು ಅರ್ಜಿ ತುಂಬುತ್ತ ಕುಳಿತಿದ್ದಾಗ ಅವಳೇ ಬಂದು, “ಅಪ್ಪ, ಅದು ಬೇಡ. ನಾನು ಓಲೋನಿಗೆ ಹೋಗ್ತೀನಿ” ಎಂದಳು.

ಓಲೋನಿ ಎಂದರೆ ನಮ್ಮೂರಿನ ಕಮ್ಯುನಿಟಿ ಕಾಲೇಜು. ಮಿಷನ್ ಬುಲೆವಾರ್ಡಿನ ಪಕ್ಕ, ಗುಡ್ಡದ ಇಳಿಜಾರಿನಲ್ಲಿದೆ. ವರ್ಷಗಟ್ಟಲೆ ಅದರ ಮುಂದೆ ಕಾರಿನಲ್ಲಿ ಹೋಗಿದ್ದೇನೆ. ಒಮ್ಮೆಯೂ ಒಳಗೆ ಹೋಗಿರಲಿಲ್ಲ. ನಮ್ಮ ಜನ ಸೇರಿದ ಕಡೆ “ಮಗಳು ಎಲ್ಲಿ ಓದ್ತಿದಾಳೆ?” ಎಂದು ಕೇಳಿದರೆ ಏನು ಹೇಳಲಿ ಎಂಬುದೇ ನನ್ನ ಮೊದಲ ಯೋಚನೆ. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಲೆಕ್ಕಿಗನಿಗೆ ದುಃಖವಾದರೂ ಲೆಕ್ಕ ಹಾಕಿಯೇ ದುಃಖಪಡಬೇಕು. ಹಾಕಿದೆ. ಕ್ಯಾಲಿಫೋರ್ನಿಯಾದ ನಿವಾಸಿಗೆ ಕಮ್ಯುನಿಟಿ ಕಾಲೇಜಿನ ಫೀಸು ಯೂನಿಟ್ಟಿಗೆ 46 ಡಾಲರು, 2012ರಿಂದ ಬದಲಾಗಿಲ್ಲ. ಎರಡು ವರ್ಷದ 60 ಯೂನಿಟ್ಟಿಗೆ 2,760 ಡಾಲರು. ಮೊದಲ ಸಲ, ಪೂರ್ಣಾವಧಿ ಓದುವವರಿಗೆ ಅದನ್ನೂ ಮನ್ನಾ ಮಾಡಲು ‘ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್’ ಎಂಬ ಯೋಜನೆಯಿದೆ. 2010ರಲ್ಲಿ ಬಂದ ಒಂದು ಕಾನೂನಿನ ಪ್ರಕಾರ, ವರ್ಗಾವಣೆಗೆಂದೇ ರೂಪಿಸಿದ ಎರಡು ವರ್ಷದ ಪದವಿ ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಜಾಗ ಖಾತ್ರಿ. ಉಳಿದ 60 ಯೂನಿಟ್ಟಿನಲ್ಲಿ ಬಿ.ಎ. ಮುಗಿಯಬೇಕು. ಆ ವ್ಯವಸ್ಥೆಯ ಬೋಧನಾ ಶುಲ್ಕ 2025–26ರಲ್ಲಿ 6,450 ಡಾಲರು. ಸ್ಯಾನ್ ಹೊಸೆ ಸ್ಟೇಟ್‌ನಂಥ ಕಡೆ ಇತರ ಶುಲ್ಕ ಸೇರಿದರೆ ಎಂಟೂವರೆ ಸಾವಿರದ ಮೇಲೆ. ಮನೆಯಿಂದಲೇ ಓಡಾಡಿದರೆ ನಾಲ್ಕು ವರ್ಷದ ಪೂರ್ತಿ ಫೀಸು ಇಪ್ಪತ್ತು ಸಾವಿರದ ಸುತ್ತ. ಅತ್ತ ಮೂರೂವರೆ ಲಕ್ಷ, ಇತ್ತ ಇಪ್ಪತ್ತು ಸಾವಿರ!

ಅಡಿಟಿಪ್ಪಣಿ ಓದದೆ ಸಹಿ ಮಾಡುವುದು ನಮ್ಮ ಕಸುಬಿಗೆ ಸಲ್ಲದು. ಖಾತ್ರಿ ಇರುವುದು ವ್ಯವಸ್ಥೆಯಲ್ಲಿ ಜಾಗಕ್ಕೆ, ಬೇಕಾದ ಕ್ಯಾಂಪಸ್ಸಿಗಲ್ಲ. ಬರ್ಕ್ಲಿ ಇರುವ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ದಾರಿ ಬೇರೆ: ಡೇವಿಸ್, ಸ್ಯಾಂಟಾ ಕ್ರೂಜ್ ಮುಂತಾದ ಆರು ಕ್ಯಾಂಪಸ್ಸುಗಳು ಷರತ್ತಿನ ಖಾತ್ರಿ ಕೊಡುತ್ತವೆ, ಬರ್ಕ್ಲಿ ಕೊಡುವುದಿಲ್ಲ, ಶುಲ್ಕ ವರ್ಷಕ್ಕೆ 14 ಸಾವಿರ ದಾಟುತ್ತದೆ. ಎಚ್-4 ವೀಸಾದಲ್ಲಿರುವ ಮಕ್ಕಳಿಗೆ 21 ತುಂಬಿದರೆ ಅಪ್ಪ ಅಮ್ಮನ ವೀಸಾದ ಆಸರೆ ತಪ್ಪುತ್ತದೆ. ಆ ಮನೆಗಳ ಲೆಕ್ಕವೇ ಬೇರೆ.

ಇಷ್ಟು ಅಗ್ಗವಾದದ್ದರಲ್ಲಿ ಏನೋ ಹುಳುಕಿರಬೇಕು ಎಂಬ ಗುಮಾನಿ ನನ್ನನ್ನು ಬಿಡಲಿಲ್ಲ. ಅಗ್ಗ ಯಾಕೆ ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಹುಳುಕಲ್ಲ, ಒಂದು ಇತಿಹಾಸ.

1868ರಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾವನ್ನು ಸ್ಥಾಪಿಸಿದ ಕಾನೂನಿನಲ್ಲೇ, ಆದಾಯ ಕೂಡಿಬಂದಾಗ ರಾಜ್ಯದ ನಿವಾಸಿಗಳಿಗೆಲ್ಲ ಬೋಧನೆ ಉಚಿತವಾಗಬೇಕು ಎಂಬ ಮಾತಿತ್ತು. 1907ರ ಒಂದು ಶಾಸನ ಹೈಸ್ಕೂಲುಗಳು ಕಾಲೇಜಿನ ಪಾಠವನ್ನೂ ಹೇಳಲು ದಾರಿ ಮಾಡಿಕೊಟ್ಟಿತು. 1910ರಲ್ಲಿ ಫ್ರೆಸ್ನೋದಲ್ಲಿ ಮೊದಲ ಜೂನಿಯರ್ ಕಾಲೇಜು ಶುರುವಾಯಿತು. ಇಂದಿನ ಕಮ್ಯುನಿಟಿ ಕಾಲೇಜುಗಳ ಬೇರು ಅಲ್ಲಿದೆ. 1960ರಲ್ಲಿ ಗವರ್ನರ್ ಪ್ಯಾಟ್ ಬ್ರೌನ್ ‘ಮಾಸ್ಟರ್ ಪ್ಲ್ಯಾನ್’ ಎಂದು ಹೆಸರಾದ ವ್ಯವಸ್ಥೆಯ ಕಾನೂನಿಗೆ ಸಹಿ ಹಾಕಿದರು. ಅದರ ಹಿಂದಿದ್ದವರು ವಿಶ್ವವಿದ್ಯಾಲಯದ ಅಧ್ಯಕ್ಷ ಕ್ಲಾರ್ಕ್ ಕೆರ್. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೇಲಿನ ಮೂರನೆಯ ಒಂದು ಭಾಗಕ್ಕೆ ಸ್ಟೇಟ್ ಕಾಲೇಜುಗಳು, ಮಿಕ್ಕವರಿಗೆಲ್ಲ ಬಾಗಿಲು ತೆರೆದ ಜೂನಿಯರ್ ಕಾಲೇಜು, ಅಲ್ಲಿಂದ ಮೇಲಕ್ಕೆ ವರ್ಗಾವಣೆಯ ಏಣಿ. ಚಿಲ್ಲರೆ ಶುಲ್ಕಗಳಿದ್ದವು, ಪಾಠಕ್ಕೆ ಬೆಲೆಯಿರಲಿಲ್ಲ. ಓಲೋನಿಯಲ್ಲಿ ತರಗತಿ ಆರಂಭವಾದದ್ದು ಈ ಹುಮ್ಮಸ್ಸಿನ ಕಾಲದಲ್ಲೇ, 1967ರಲ್ಲಿ.

ಅದೇ ವರ್ಷ ಗಾಳಿ ತಿರುಗಿತು. 1964ರಿಂದ ಬರ್ಕ್ಲಿಯಲ್ಲಿ ವಿದ್ಯಾರ್ಥಿ ಚಳವಳಿ ನಡೆದಿತ್ತು. ಅದರ ವಿರುದ್ಧ ಮಾತಾಡಿ ಗೆದ್ದ ರೊನಾಲ್ಡ್ ರೇಗನ್ 1967ರ ಜನವರಿಯಲ್ಲಿ ಗವರ್ನರ್ ಆದರು. ಆ ತಿಂಗಳು ಮುಗಿಯುವ ಮೊದಲೇ ಕೆರ್ ಕೆಲಸ ಹೋಯಿತು. 1970ರಲ್ಲಿ ಬರ್ಕ್ಲಿಯಂಥ ಕಡೆ ವರ್ಷಕ್ಕೆ 150 ಡಾಲರಿನ ‘ಶಿಕ್ಷಣ ಶುಲ್ಕ’ ಬಂತು. ಕಮ್ಯುನಿಟಿ ಕಾಲೇಜುಗಳಿಗೆ ಪೆಟ್ಟು ಬಿದ್ದದ್ದು 1978ರ ಜೂನಿನಲ್ಲಿ. ಅವು ಬಹುಮಟ್ಟಿಗೆ ಸ್ಥಳೀಯ ಆಸ್ತಿ ತೆರಿಗೆಯಿಂದ ಬದುಕಿದ್ದವು. ‘ಪ್ರಾಪೊಸಿಷನ್ 13’ ಎಂಬ ಜನಮತದಲ್ಲಿ ಮತದಾರರು ಆ ತೆರಿಗೆಯನ್ನು ಆಸ್ತಿ ಮೌಲ್ಯದ ಶೇ. 1ಕ್ಕೆ ಕಟ್ಟಿಹಾಕಿದರು, ಮನೆ ಕೈಬದಲಾಗುವವರೆಗೆ ಮೌಲ್ಯವೂ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಬಾರದು. 1984ರಲ್ಲಿ, ಮೊದಲ ಬಾರಿಗೆ, ಕಮ್ಯುನಿಟಿ ಕಾಲೇಜಿನಲ್ಲೂ ಸೆಮಿಸ್ಟರಿಗೆ 50 ಡಾಲರಿನ ಫೀಸು ಬಂತು. ಮಗಳ ಯೂನಿಟ್ಟಿನ 46 ಡಾಲರಿನ ವಂಶವೃಕ್ಷ ಇದು. ಯಾವ ಅರ್ಥಶಾಸ್ತ್ರದ ನಿಯಮವೂ ಈ ಅಂಕಿಯನ್ನು ಗೊತ್ತುಮಾಡಲಿಲ್ಲ. ಜನ ವೋಟು ಹಾಕಿ ಗೊತ್ತುಮಾಡಿದರು. ಎಚ್‌ಇಪಿಯ ಕೊಠಡಿಯಲ್ಲಿ ಏನು ಹೇಳಿಕೊಡುತ್ತಿದ್ದರೆಂದು ನನಗೆ ಆಗ ಅರ್ಥವಾಯಿತು.

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಅರವತ್ತರ ದಶಕದಲ್ಲಿ ಸ್ಯಾನ್ ಹೊಸೆ ಸ್ಟೇಟ್‌ನಲ್ಲಿ ಓದಿದವರು. ಬೇಸಿಗೆಯಲ್ಲಿ ಹಣ್ಣಿನ ಕಾರ್ಖಾನೆಯಲ್ಲಿ ಒಂದೆರಡು ವಾರ ದುಡಿದರೆ ವರ್ಷದ ಫೀಸು ಹುಟ್ಟುತ್ತಿತ್ತು ಎನ್ನುತ್ತಾರೆ. ಒಂದು ಸಂಜೆ ಬೇಲಿಯ ಬಳಿ 1978ರ ಮಾತು ತೆಗೆದೆ. “ನಾನೂ ಹೌದು ಎಂದೇ ವೋಟು ಹಾಕಿದೆ. ತೆರಿಗೆ ಏರುತ್ತಲೇ ಇತ್ತು. ಮನೆ ಕೈಬಿಟ್ಟು ಹೋಗುತ್ತದೆ ಎಂದು ಹೆದರಿಕೆಯಾಗಿತ್ತು” ಎಂದರು. ನಮ್ಮದೂ ಅವರದೂ ಒಂದೇ ಅಳತೆಯ ಮನೆ. ಅವರ ತೆರಿಗೆ ನನ್ನದರ ಐದನೆಯ ಒಂದು ಪಾಲೂ ಇಲ್ಲ. ನನಗೆ ಸಿಟ್ಟು ಬಂತು. ಆದರೆ ಬಂದಷ್ಟೇ ಬೇಗ ಇಳಿಯಿತು. ನನ್ನ ಹೊಟ್ಟೆ ತುಂಬುವುದೇ ಕಕ್ಷಿದಾರರ ತೆರಿಗೆಯನ್ನು ಕಾನೂನಿನೊಳಗೆ ಎಷ್ಟು ಇಳಿಸಬಹುದೋ ಅಷ್ಟು ಇಳಿಸುವುದರಿಂದ. ಅವರ ಒಂದು ವೋಟು ಹೆಚ್ಚೋ, ನನ್ನ ಹದಿನೇಳು ವರ್ಷದ ಕೆಲಸ ಹೆಚ್ಚೋ?

ಆ ರಾತ್ರಿ ಅಪ್ಪ ನೆನಪಾದರು. ಅವರು ಓದಿದ್ದು ತುಮಕೂರಿನ ಸಿದ್ಧಗಂಗಾ ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು. ಶಿವಕುಮಾರ ಸ್ವಾಮೀಜಿ ಹಳ್ಳಿಹಳ್ಳಿ ತಿರುಗಿ ಭಕ್ತರಿಂದ ಧಾನ್ಯ ಕೂಡಿಸಿ ಜಾತಿ ಕೇಳದೆ ಮಕ್ಕಳಿಗೆ ಉಣಬಡಿಸುತ್ತಿದ್ದ ಕಾಲ. ಅಪ್ಪ ಮೇಷ್ಟ್ರಾದ ಮೇಲೆ ಪ್ರತಿ ಸುಗ್ಗಿಗೂ ನಮ್ಮ ಹೊಲದ ಒಂದು ಮೂಟೆ ರಾಗಿ ಮಠಕ್ಕೆ ಹೋಗುತ್ತಿತ್ತು. ಬೆಳೆ ಕೈಕೊಟ್ಟ ವರ್ಷ ಅವ್ವ, “ಈ ಸಲ ಬೇಡ, ನಮಗೇ ಇಲ್ಲ” ಎಂದರೆ ಅಪ್ಪ, “ನಾನು ತಿಂದದ್ದೂ ಇಲ್ಲದವರು ಕೊಟ್ಟದ್ದೇ ಕಣೇ” ಎಂದಿದ್ದರು. ಪುಕ್ಕಟೆ ಊಟಕ್ಕೂ ಒಬ್ಬ ಬೆಲೆ ತೆತ್ತವನಿರುತ್ತಾನೆ ಎಂಬುದು ಜಮಾ–ಖರ್ಚಿನ ಮೊದಲ ಪಾಠ. ಅದನ್ನು ಅಪ್ಪ ನನಗೆ ಸಿ.ಎ.ಗಿಂತ ಮುಂಚೆಯೇ ಹೇಳಿಕೊಟ್ಟಿದ್ದರು.

ಮಗಳು ಈಗ ಓಲೋನಿಯಲ್ಲಿ ಎರಡನೆಯ ಸೆಮಿಸ್ಟರಿನಲ್ಲಿದ್ದಾಳೆ. ಅಮೆರಿಕದ ಸರ್ಕಾರ ವ್ಯವಸ್ಥೆಯ ತರಗತಿ ಮುಗಿದಿದೆ, ತೌಲನಿಕ ರಾಜಕಾರಣ ನಡೆಯುತ್ತಿದೆ. ಅವಳ ಪಕ್ಕ ಕೂರುವವರಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರಿದ್ದಾರೆ, ಮಗುವನ್ನು ಅಜ್ಜಿಯ ಬಳಿ ಬಿಟ್ಟು ಬರುವ ತಾಯಿಯಿದ್ದಾಳೆ. ಚರ್ಚೆ ನಡೆದ ದಿನ ಮನೆಗೆ ಬಂದು ಊಟದ ಹೊತ್ತಿನಲ್ಲಿ ನನ್ನೊಡನೆ ಅದನ್ನೇ ಮುಂದುವರಿಸುತ್ತಾಳೆ. ಸೋಲುವವನು ನಾನೇ. ಯಾರಾದರೂ ಕೇಳಿದರೆ “ಓಲೋನಿ” ಎಂದು ಹೇಳುತ್ತೇನೆ. ಕೇಳಿದವರು ಮಾತು ಬದಲಿಸಿದರೂ ನಾನು ಬದಲಿಸುವುದಿಲ್ಲ.

ಪ್ರತಿ ಶರತ್ಕಾಲಕ್ಕೆ ಅಲಮೀಡ ಕೌಂಟಿಯಿಂದ ಆಸ್ತಿ ತೆರಿಗೆಯ ಬಿಲ್ಲು ಬರುತ್ತದೆ. ಮತದಾರರು 2010ರಲ್ಲಿ ಒಪ್ಪಿದ ಓಲೋನಿಯ ಕಟ್ಟಡಗಳ ಬಾಂಡಿನ ಸಾಲಕ್ಕೆ ನಮ್ಮ ಪಾಲು ಅದರಲ್ಲಿ ಸೇರಿರುತ್ತದೆ. ಇಷ್ಟು ವರ್ಷ ಗೊಣಗಿಕೊಂಡು ಕಟ್ಟುತ್ತಿದ್ದೆ. ಈ ಸಲ ಆ ಸಾಲಿನ ಮೇಲೆ ಬೆರಳಿಟ್ಟು ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿ, “ಇಷ್ಟೇನಾ?” ಎಂದಳು.

“ಇಷ್ಟೇ” ಎಂದೆ. “ನಮ್ಮ ಮೂಟೆ.”